ಕರಾಟೆ ಕ್ಲಾಸಿನಲ್ಲಿ ‘ಸಾಕು’ ಅನ್ನೋ ಪದ ಇದೆಯಾ?

ಮಗಳು ಸ್ಕೂಟರಿಂದ ಇಳಿದ ರೀತಿ ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಗಾಡಿ ನಿಲ್ಲೋ ಮೊದಲೇ ಧುಮುಕುವವಳು ಅವತ್ತು ಸೀಟು ಹಿಡಿದುಕೊಂಡು, ಒಂದು ಕಾಲನ್ನು ಎಳೆದುಕೊಂಡ ಹಾಗೆ ಇಳಿದಳು. "ಏನಾಯ್ತೇ?" ಅಂದೆ. "ಏನಿಲ್ಲಪ್ಪ, ಕಾಲು ಜೋಮು ಹಿಡಿದಿದೆ" ಅಂದಳು. ರಾತ್ರಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲಿಲ್ಲ, ಕುರ್ಚಿ ಎಳೆದುಕೊಂಡಳು. ಅದನ್ನೂ ನೋಡಿದೆ, ಸುಮ್ಮನಿದ್ದೆ. ನಾಲ್ಕನೇ ದಿನ, ಭಾನುವಾರ, ನಮ್ಮಮ್ಮ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ತೊಡೆಯ ಒಳಗಡೆ ಅಂಗೈ ಅಗಲ ನೀಲಿಗಟ್ಟಿದ್ದು ಕಂಡು ಬಚ್ಚಲಿಂದಲೇ ನನ್ನ ಹೆಸರು ಹಿಡಿದು ಕೂಗಿದರು.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕರಾಟೆ ಕ್ಲಾಸಲ್ಲಿ ಸ್ಪ್ಲಿಟ್ ಮಾಡಿಸುತ್ತಿದ್ದರಂತೆ, ಅಂದರೆ ಎರಡೂ ಕಾಲು ಪೂರ್ತಿ ಅಗಲಿಸಿ ನೆಲಕ್ಕೆ ಕೂರೋದು. ಇವಳಿಗೆ ನೆಲ ಮುಟ್ಟೋಕೆ ಇನ್ನೂ ಒಂದು ಗೇಣು ಬಾಕಿ. ಇಬ್ಬರು ಬ್ರೌನ್ ಬೆಲ್ಟ್ (ಬ್ಲ್ಯಾಕ್ ಬೆಲ್ಟಿಗಿಂತ ಒಂದು ಮೆಟ್ಟಿಲು ಕೆಳಗೆ) ಹುಡುಗರು ಒಂದೊಂದು ಕಾಲು ಹಿಡಿದುಕೊಂಡರು, ಸರ್ ಹಿಂದಿನಿಂದ ಭುಜದ ಮೇಲೆ ಭಾರ ಬಿಟ್ಟು ಅದುಮಿದರು, ಉಳಿದ ಮಕ್ಕಳೆಲ್ಲ ಒಂದರಿಂದ ನೂರರ ತನಕ ಗಟ್ಟಿಯಾಗಿ ಎಣಿಸಬೇಕು. ಅತ್ತರೆ ಇಪ್ಪತ್ತು ಜಾಸ್ತಿ. ಇವಳು ಅತ್ತಳು. ನೂರಿಪ್ಪತ್ತು ಎಣಿಸಿದರು.

"ನನಗ್ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಸಿಟ್ಟಲ್ಲೇ ಕೇಳಿದೆ ಅನ್ಸುತ್ತೆ, ಅವಳು ಅಜ್ಜಿ ಸೆರಗಿನ ಹಿಂದೆ ಸರಿದಳು. "ಕ್ಲಾಸಲ್ಲಿ ಆಗಿದ್ದು ಕ್ಲಾಸಲ್ಲೇ ಇರಬೇಕು ಅಂತ ಸರ್ ಹೇಳಿದಾರೆ. ಮತ್ತೆ ನೀನೂ ಹೇಳ್ತಿರ್ತೀಯಲ್ಲ, ನಿಮ್ ಸರ್ ಹೊಟ್ಟೆ ಮೇಲೆ ನಡೀತಿದ್ರು, ನೀನು ಅಳ್ತಾನೇ ಇರ್ಲಿಲ್ಲ ಅಂತ."

ಹೌದು, ಹೇಳಿದ್ದೇನೆ. ಯಾರು ಮನೆಗೆ ಬಂದರೂ ಹೇಳಿದ್ದೇನೆ. 1994ರಲ್ಲಿ ಹಾಸನದಲ್ಲಿ, ಶಾಲೆಯ ಮೈದಾನದಲ್ಲಿ, ಬೆಳಗ್ಗೆ ಆರಕ್ಕೆ ಕ್ಲಾಸು. ಚಳಿಗಾಲದಲ್ಲಿ ಹುಲ್ಲಿನ ಮೇಲಿನ ಇಬ್ಬನಿಗೆ ಬರಿಗಾಲು ಮರಗಟ್ಟುತ್ತಿತ್ತು. ಜಲ್ಲಿಕಲ್ಲಿನ ಮೇಲೆ ಮುಷ್ಟಿ ಊರಿ ಪುಷ್-ಅಪ್ ಹೊಡೀಬೇಕು. ಸಾಲಾಗಿ ಅಂಗಾತ ಮಲಗಿದರೆ ಸರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಟ್ಟೆಗಳ ಮೇಲೆ ನಡೆದು ಹೋಗುತ್ತಿದ್ದರು. ಸ್ಟ್ಯಾನ್ಸ್, ಅಂದರೆ ನಿಲ್ಲುವ ಭಂಗಿ, ಸರಿ ಇಲ್ಲದಿದ್ದರೆ ತೊಡೆಗೆ ಬೆತ್ತ. ನಾವು ಮೂವತ್ತು ಜನ ಸೇರಿದ್ದು, ವರ್ಷ ಮುಗಿಯುವ ಹೊತ್ತಿಗೆ ಒಂಬತ್ತೇ ಜನ ಉಳಿದಿದ್ದೆವು. ಆ ಒಂಬತ್ತು ಜನ ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತೇವೆ. ಬಿಟ್ಟುಹೋದ ಇಪ್ಪತ್ತೊಂದು ಜನ ಏನು ಹೇಳುತ್ತಾರೆ ಅಂತ ನಾನು ಯಾವತ್ತೂ ಕೇಳಿಲ್ಲ. ಅದರಲ್ಲಿ ಒಬ್ಬ ನನ್ನ ಪಕ್ಕದ ಮನೆಯವನೇ.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಸ್ನಾಯು ಹರಿದಿದ್ದರೆ ಎಕ್ಸ್‌ರೇ ಯಾಕೆ ಅಂತ ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಹೊಸದು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ, ಅಲ್ಲಿ ಮೃದ್ವಸ್ಥಿ ಇರುತ್ತೆ, ಮೂಳೆ ಬೆಳೆಯೋದೇ ಅಲ್ಲಿಂದ. ದೊಡ್ಡವರಿಗೆ ಜೋರಾಗಿ ಎಳೆದರೆ ಸ್ನಾಯು ಹರಿಯುತ್ತೆ. ಮಕ್ಕಳಿಗೆ ಹಾಗೇ ಎಳೆದರೆ ಸ್ನಾಯು ಅಂಟಿಕೊಂಡಿರುವ ಮೂಳೆಯ ಚೂರೇ ಕಿತ್ತು ಬರಬಹುದು. ಇವಳಿಗೆ ಮೂಳೆ ಸರಿಯಾಗಿತ್ತು, ಪುಣ್ಯ. ಮೂರು ವಾರ ರೆಸ್ಟು. "ಸ್ಟ್ರೆಚಿಂಗ್ ಅವಳೇ ಮಾಡಲಿ, ಎಷ್ಟಾಗುತ್ತೋ ಅಷ್ಟು. ಬೇರೆಯವರು ಮೇಲೆ ಕೂತು ಅದುಮೋದು ಬೇಡ" ಅಂದರು ಡಾಕ್ಟರು. ಇಷ್ಟು ಸಿಂಪಲ್ ವಿಷಯ. ನನಗೇ ಬ್ರೌನ್ ಬೆಲ್ಟ್ ಇದೆ, ನನಗೆ ಗೊತ್ತಿರಲಿಲ್ಲ.

ಸರ್ ಹತ್ತಿರ ಹೋದೆ. ಜಗಳಕ್ಕೆ ಅಂತಲೇ ಹೋಗಿದ್ದೆ, ಆದರೆ ಅವರು ಎದ್ದು ಬಂದು ಕೈ ಕುಲುಕಿ, "ಸರ್, ನೀವೂ ಮಾಡಿದವರು, ನಿಮಗೆ ನಾನು ಹೇಳಬೇಕಾ? ಇಷ್ಟು ಮಾಡಿಸಲಿಲ್ಲ ಅಂದ್ರೆ ಮಕ್ಕಳು ಬರೀ ಡ್ಯಾನ್ಸ್ ಮಾಡ್ತಾರೆ" ಅಂದರು. ಒಂದು ಕ್ಷಣ ನಾನು ತಲೆ ಆಡಿಸಿಬಿಟ್ಟೆ. ಹಳೇ ಅಭ್ಯಾಸ. ಆಮೇಲೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಆದದ್ದನ್ನು ಬರೆದೆ. ಎರಡು ಗಂಟೆ ಯಾರೂ ತುಟಿ ಬಿಚ್ಚಲಿಲ್ಲ, ಆಮೇಲೆ ಒಬ್ಬರು "ಅಷ್ಟು ನಾಜೂಕಾಗಿದ್ರೆ ಭರತನಾಟ್ಯಕ್ಕೆ ಹಾಕಿ" ಅಂದರು. (ಅವರು ಅರಮಂಡಿಯಲ್ಲಿ ಐದು ನಿಮಿಷ ನಿಂತು ನೋಡಲಿ.) ರಾತ್ರಿ ಹನ್ನೊಂದಕ್ಕೆ ಒಬ್ಬ ತಾಯಿ ಬೇರೆಯಾಗಿ ಮೆಸೇಜ್ ಮಾಡಿದರು: ನಮ್ಮ ಹುಡುಗನಿಗೂ ಆಗಿತ್ತು, ಗ್ರೂಪಲ್ಲಿ ಹೇಳಬೇಡಿ ಪ್ಲೀಸ್, ಮುಂದಿನ ತಿಂಗಳು ಬೆಲ್ಟ್ ಎಕ್ಸಾಂ ಇದೆ.

ಆ ಬೆಲ್ಟ್ ಎಕ್ಸಾಂ ಅನ್ನೋದು ನಮ್ಮೆಲ್ಲರ ಬಾಯಿಗೆ ಹಾಕಿದ ಬೀಗ. ಫೀಸು ಕಟ್ಟಿರುತ್ತೇವೆ, ಡ್ರೆಸ್ ತಗೊಂಡಿರುತ್ತೇವೆ, ಅಜ್ಜಿ-ತಾತ ಎಲ್ಲರಿಗೂ ಫೋಟೋ ಕಳಿಸಿರುತ್ತೇವೆ. ಈಗ ಮಾತಾಡಿದರೆ ಮಗು ಫೇಲ್.

ಇದರ ಜೊತೆಗೆ ‘ಓಸ್’. ಕರಾಟೆ ಮಾಡಿದವರಿಗೆ ಗೊತ್ತು, ಸರ್ ಏನು ಹೇಳಿದರೂ ಉತ್ತರ ಓಸ್. ಬಂದರೆ ಓಸ್, ಹೋಗುವಾಗ ಓಸ್, ಅರ್ಥವಾದರೆ ಓಸ್, ಅರ್ಥವಾಗದಿದ್ದರೆ ಇನ್ನೂ ಜೋರಾಗಿ ಓಸ್. ಜಪಾನಿಯಲ್ಲಿ ಅದನ್ನು ಬರೆಯೋದು ಎರಡು ಅಕ್ಷರದಲ್ಲಿ. ಒಂದಕ್ಕೆ ‘ಒತ್ತು’ ಅಂತ ಅರ್ಥ, ಇನ್ನೊಂದಕ್ಕೆ ‘ಸಹಿಸು’. ನನಗೆ ಆ ಪದ ಈಗಲೂ ಇಷ್ಟ, ಕೇಳಿದರೆ ಮೈ ನೆಟ್ಟಗಾಗುತ್ತೆ. ಆದರೆ ವಾರಕ್ಕೆ ಮೂರು ದಿನ, ಒಂದೊಂದು ಗಂಟೆ, ಆರು ವರ್ಷದ ಮಗುವಿಗೆ ದೊಡ್ಡವರು ಏನು ಹೇಳಿದರೂ ಸಹಿಸು, ಪ್ರಶ್ನೆ ಕೇಳಬೇಡ, ಹೊರಗೆ ಹೇಳಬೇಡ ಅಂತ ಕಲಿಸಿದರೆ ನಾವು ಅದಕ್ಕೆ ಆತ್ಮರಕ್ಷಣೆ ಅಂತ ಹೆಸರಿಡೋದು ಹೇಗೆ? ಬೀದಿಯಲ್ಲಿ ಎದುರಾಗುವ ಅಪರಿಚಿತನಿಗೆ ಒದೆಯೋಕೆ ಕಲಿಸುತ್ತಿದ್ದೇವೆ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ವರದಿ ನೋಡಿ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಸಲ ಆರೋಪಿ ಮಗುವಿಗೆ ಗೊತ್ತಿರುವವನೇ. ಮಾವ, ಪಕ್ಕದ ಮನೆಯವನು, ಟ್ಯೂಷನ್ ಮೇಷ್ಟ್ರು. ಅಂಥವರ ಎದುರು ಬೇಕಾಗೋದು ಕಿಕ್ ಅಲ್ಲ, ‘ಬೇಡ’ ಅನ್ನೋ ಮಾತು, ಮತ್ತೆ ಮನೆಗೆ ಬಂದು ಹೇಳುವ ಧೈರ್ಯ. ಅವೆರಡನ್ನೂ ಕ್ಲಾಸಲ್ಲೇ ಒದ್ದು ಓಡಿಸಿದರೆ?

ನನ್ನ ಕಾಲೇಜು ಗೆಳೆಯನೊಬ್ಬ ಬೆಂಗಳೂರಿನಲ್ಲಿ ಜಿಯು-ಜಿತ್ಸು ಕಲಿಯುತ್ತಾನೆ, ನಮ್ಮ ಕುಸ್ತಿ ಥರ ಹಿಡಿದು ಮಣಿಸೋ ಆಟ. ನಲವತ್ತೈದು ದಾಟಿದ ಮೇಲೆ ಇದೇನು ಹುಚ್ಚೋ ಅಂತ ನಾನು ರೇಗಿಸುತ್ತಿದ್ದೆ. ಮಗಳ ವಿಷಯ ಹೇಳಿದಾಗ ಅವನು, ನಮ್ಮಲ್ಲಿ ಮೊದಲ ದಿನ ಹಿಡಿತ ಕಲಿಸಲ್ಲ, ಟ್ಯಾಪ್ ಕಲಿಸ್ತಾರೆ ಅಂದ. ಎದುರಿನವನು ಕೈ ತಿರುಚಿದಾಗಲೋ ಕತ್ತು ಅದುಮಿದಾಗಲೋ ಅವನ ಮೈಮೇಲೋ ಮ್ಯಾಟಿನ ಮೇಲೋ ಎರಡು ಮೂರು ಸಲ ತಟ್ಟಿದರೆ ಸಾಕು, ತಕ್ಷಣ ಬಿಡಬೇಕು. ಬಿಡದಿದ್ದವನನ್ನು ಕ್ಲಾಸಿಂದ ಕಳಿಸುತ್ತಾರೆ. ಹತ್ತು ವರ್ಷ ಕಲಿತವನೂ ತಟ್ಟುತ್ತಾನೆ, ತಟ್ಟಿದ ಮೇಲೆ ನಕ್ಕು ಮತ್ತೆ ಶುರು ಮಾಡುತ್ತಾರೆ. ಜೂಡೋದಲ್ಲೂ ಇದೇ. ನಮ್ಮ ಕರಾಟೆಯಲ್ಲೂ ‘ಯಾಮೆ’ ಅಂತ ಇದೆ, ನಿಲ್ಲಿಸು ಅಂತ. ಅದನ್ನು ಹೇಳೋದು ಮಾತ್ರ ಸರ್ ಅಥವಾ ರೆಫ್ರಿ. ನಾನು ಐದು ವರ್ಷ ಕಲಿತೆ, ಒಬ್ಬ ಹುಡುಗನ ಬಾಯಲ್ಲೂ ಯಾಮೆ ಕೇಳಿಲ್ಲ.

ಹಾಗಾಗಿ ಹೊಸ ಕ್ಲಾಸು ಹುಡುಕೋಕೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇಲ್ಲಿ ಮಗು ಸಾಕು ಅಂದರೆ ನಿಲ್ಲಿಸುತ್ತಾರಾ?

ಮೈಸೂರಿನಲ್ಲಿ ನಮ್ಮ ಮನೆಯಿಂದ ಮೂರು ಕಿಲೋಮೀಟರ್ ಒಳಗೆ ಐದು ಕ್ಲಾಸುಗಳಿವೆ. ಶೋಟೋಕಾನ್ ಅಂತ ಎರಡು, ಗೋಜು ರ್ಯು ಅಂತ ಒಂದು (ಎರಡೂ ಕರಾಟೆಯ ಶೈಲಿಗಳು), ಉಳಿದೆರಡು ಬೋರ್ಡಿನಲ್ಲಿ ಕರಾಟೆ, ಕುಂಗ್‌ಫು, ಕಿಕ್‌ಬಾಕ್ಸಿಂಗ್, ಯೋಗ, ಅಬಾಕಸ್ ಎಲ್ಲಾ ಇದೆ. ಪ್ರತಿಯೊಬ್ಬರಿಗೂ ಒಂದೊಂದು ಸಂಘ, ಒಂದೊಂದು ಸರ್ಟಿಫಿಕೇಟು. ಜೂಡೋ, ಕುಸ್ತಿ, ಬಾಕ್ಸಿಂಗ್ ಕೋಚ್ ಆಗಬೇಕಾದರೆ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಡಿಪ್ಲೊಮಾ ಮಾಡುವ ದಾರಿ ಇದೆ. ಆದರೆ ಬಡಾವಣೆಯಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಮಕ್ಕಳಿಗೆ ಕಲಿಸೋಕೆ ಯಾರೂ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಬ್ಲ್ಯಾಕ್ ಬೆಲ್ಟ್ ಇದ್ದರೆ ಆಯಿತು. ಒದೆಯೋಕೆ ಬರುತ್ತೆ ಅನ್ನೋದಕ್ಕೆ ಅದು ಸಾಕ್ಷಿ. ನಲವತ್ತು ಮಕ್ಕಳನ್ನು ನಂಬಿ ಬಿಡಬಹುದಾ ಅನ್ನೋದಕ್ಕಲ್ಲ.

ಮೊದಲ ಕ್ಲಾಸು ಒಂದು ಕಾಂಪ್ಲೆಕ್ಸಿನ ಬೇಸ್‌ಮೆಂಟಿನಲ್ಲಿ. ಗಾಜಿಗೆ ಪೂರ್ತಿ ಬಿಳಿ ಸ್ಟಿಕ್ಕರ್, ಬಾಗಿಲ ಮೇಲೆ ‘ಪೋಷಕರಿಗೆ ಪ್ರವೇಶವಿಲ್ಲ’. ಯಾಕೆ ಸರ್ ಅಂದರೆ, ಅಪ್ಪ ಅಮ್ಮ ಎದುರಿಗಿದ್ದರೆ ಮಕ್ಕಳ ಗಮನ ಹೋಗುತ್ತೆ ಅಂದರು. ಇದು ಪೂರ್ತಿ ಸುಳ್ಳಲ್ಲ. ನಾನೇ ಮಗಳ ಫೈಟಿಂಗ್ ನೋಡುತ್ತಾ "ಹೊಡಿಯೇ, ಹೊಡಿ, ಗಾರ್ಡ್ ಮೇಲೆ" ಅಂತ ಕಿರುಚಿದವನು. ಬಾಯಿ ಮುಚ್ಚಿಕೊಂಡು ಕೂರಿ ಅಂತ ನನಗೆ ಹೇಳಲಿ, ಒಪ್ಪುತ್ತೇನೆ. ನೋಡಲೇಬೇಡಿ ಅಂದರೆ ಒಪ್ಪಲ್ಲ. ಎರಡನೇದು ಕಲ್ಯಾಣ ಮಂಟಪದ ಊಟದ ಹಾಲ್. ಮಧ್ಯಾಹ್ನದ ಮದುವೆ ಮುಗಿದು ನೆಲ ತೊಳೆದಿದ್ದರು, ಒದ್ದೆ ನೆಲದ ಮೇಲೆ ಪಜಲ್ ಮ್ಯಾಟ್ ಜೋಡಿಸಿದ್ದರು. ಮ್ಯಾಟು 2 ಸೆಂಟಿಮೀಟರ್ ದಪ್ಪ ಇರಬಹುದು, ಎದುರಾಳಿ ಇಲ್ಲದೆ ಒಬ್ಬರೇ ವರಸೆ ಮಾಡುವ ಕಾತಾಗೆ ಸಾಕು. ಆದರೆ ಅದರ ಮೇಲೆ ಮಕ್ಕಳ ಕೈಲಿ ಒಬ್ಬರನ್ನೊಬ್ಬರು ಎತ್ತಿ ಹಾಕಿಸುತ್ತಿದ್ದರು, ಜೂಡೋ ಥರ. ಎರಡು ಮ್ಯಾಟಿನ ಮಧ್ಯೆ ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಸಂದು. ಒಬ್ಬ ಹುಡುಗ ಬಿದ್ದ, ತಲೆಯ ಹಿಂಭಾಗ ಧಪ್ ಅಂತ ಸದ್ದಾಯಿತು, ಎದ್ದು ಮತ್ತೆ ಸಾಲಲ್ಲಿ ನಿಂತ. ಸರ್ ಬೇರೆ ಕಡೆ ನೋಡುತ್ತಿದ್ದರು.

ಈ ತಲೆ ವಿಷಯ ಸ್ವಲ್ಪ ಹೇಳಲೇಬೇಕು. ಜೂಡೋ ಹುಟ್ಟಿದ ಜಪಾನಿನ ಶಾಲೆಗಳಲ್ಲೇ 1983ರಿಂದ ಸುಮಾರು ಮೂವತ್ತು ವರ್ಷದಲ್ಲಿ ಜೂಡೋ ಕಲಿಯುವಾಗ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಹೆಚ್ಚಿನವರು ಈಗಷ್ಟೇ ಸೇರಿದ ಮಕ್ಕಳು, ಬೀಳೋದನ್ನು ಸರಿಯಾಗಿ ಕಲಿಯದವರು. ಓಸೋತೋ ಗಾರಿ ಅಂತ ಒಂದು ಪಟ್ಟು, ಎದುರಾಳಿಯ ಕಾಲಿನ ಹಿಂದೆ ಕಾಲು ಹಾಕಿ, ಕೊಯ್ದ ಹಾಗೆ ಎಳೆದು ಬೆನ್ನ ಮೇಲೆ ಕೆಡವೋದು. ಅದರಲ್ಲಿ ತಲೆ ಹಿಂದಕ್ಕೆ ಬೀಸಿದಂತಾಗುತ್ತೆ, ಮಿದುಳಿನ ಮೇಲಿನ ರಕ್ತನಾಳ ಹರಿಯಬಹುದು. ಸತ್ತ ಮಕ್ಕಳ ಅಪ್ಪ ಅಮ್ಮಂದಿರು ಒಟ್ಟಾಗಿ ಸಂಘ ಕಟ್ಟಿ, ಒಬ್ಬ ಸಂಶೋಧಕರು ಹಳೇ ದಾಖಲೆ ಎಲ್ಲ ತೆಗೆದು ಲೆಕ್ಕ ಹಾಕಿದ ಮೇಲೇ ಇದು ಹೊರಗೆ ಬಂದಿದ್ದು, ಅಲ್ಲಿಯ ತನಕ ಒಂದೊಂದು ಶಾಲೆಗೂ ಅದೊಂದು ದುರದೃಷ್ಟ ಅಷ್ಟೇ. 2012ರ ಹೊತ್ತಿಗೆ ಅಲ್ಲಿ ನಿಯಮ ಬಿಗಿಯಾಯಿತು, ಹೊಸಬರಿಗೆ ಎಸೆಯೋದು ಬೇಡ, ಮೊದಲು ಬೀಳೋದು ಕಲಿಸಿ ಅಂತ. ಸಾವು ಇಳಿಯಿತು. 2022ರಲ್ಲಿ ಜಪಾನಿನ ಜೂಡೋ ಸಂಸ್ಥೆ ಪ್ರಾಥಮಿಕ ಶಾಲೆ ಮಕ್ಕಳ ರಾಷ್ಟ್ರೀಯ ಟೂರ್ನಿಯನ್ನೇ ನಿಲ್ಲಿಸಿಬಿಟ್ಟಿತು. ಗೆಲ್ಲಲಿ ಅಂತ ಮಕ್ಕಳಿಗೆ ಊಟ ಬಿಡಿಸಿ ತೂಕ ಇಳಿಸುತ್ತಿದ್ದರು, ಅಪ್ಪಂದಿರು ಬದಿಯಲ್ಲಿ ನಿಂತು ಕೂಗಾಡುತ್ತಿದ್ದರು. ನಮ್ಮ ಊರಲ್ಲಿ ‘30 ಕೆಜಿ ಒಳಗೆ’ ಅನ್ನೋ ಗುಂಪಿಗೆ ಸೇರಿಸೋಕೆ ಒಂಬತ್ತು ವರ್ಷದ ಹುಡುಗನಿಗೆ ಟೂರ್ನಮೆಂಟಿನ ಹಿಂದಿನ ರಾತ್ರಿ ಬರೀ ನಿಂಬೆಹಣ್ಣಿನ ನೀರು ಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಹೆಲ್ಮೆಟ್ ಇದೆಯಲ್ಲ ಅಂತೀರಾ? ಹೆಲ್ಮೆಟ್ಟು ಚರ್ಮ ಒಡೆಯೋದು ತಪ್ಪಿಸುತ್ತೆ, ಒಳಗೆ ಮಿದುಳು ಅಲುಗಾಡೋದನ್ನು ತಪ್ಪಿಸುತ್ತೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ಇದನ್ನು ಹೇಳಿದೆ. ವಿಶ್ವ ಕರಾಟೆ ಫೆಡರೇಷನ್ನಿನ ನಿಯಮದಲ್ಲೂ 14 ವರ್ಷದೊಳಗಿನವರ ಫೈಟಿಂಗಿನಲ್ಲಿ ಮುಖಕ್ಕೆ ಏಟು ತಾಗಿದರೆ ಅದು ಪಾಯಿಂಟ್ ಅಲ್ಲ, ತಪ್ಪು. ತಲೆಗೆ ಏಟು ಬಿದ್ದ ಮಗು ಅವತ್ತು ಮತ್ತೆ ಆಡಬಾರದು, ಅಷ್ಟೇ. ತಲೆನೋವು ಜಾಸ್ತಿಯಾಗೋದು, ವಾಂತಿ, ಮಂಕು ಬಡಿದ ಹಾಗಿರೋದು, ಕೇಳಿದ್ದನ್ನೇ ಮತ್ತೆ ಕೇಳೋದು, ಇದರಲ್ಲಿ ಒಂದು ಕಂಡರೂ ಸೀದಾ ಆಸ್ಪತ್ರೆ. "ನೀರು ಚಿಮುಕಿಸಿ, ಸರಿ ಹೋಗ್ತಾನೆ" ಅನ್ನೋ ಸರ್ ಇದ್ದರೆ ಮಗುವಿನ ಚಪ್ಪಲಿ ಹುಡುಕಿಕೊಂಡು ಹೊರಡಿ.

ಮೂರನೇ ಕ್ಲಾಸು ಒಂದು ಶಾಲೆಯ ಮೊದಲ ಮಹಡಿ. ಕಿಟಕಿಗಳೆಲ್ಲ ತೆಗೆದಿದ್ದವು. ಹೊರಗೆ ಕಾರಿಡಾರಿನಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಒಬ್ಬರು ಅಜ್ಜಿ ಹೂವು ಕಟ್ಟುತ್ತಾ ಕೂತಿದ್ದರು. ನಾನು ಮೂರು ದಿನ ಸುಮ್ನೆ ಹೋಗಿ ಕೂತೆ. ಎರಡನೇ ದಿನ ಹೀಗಾಯಿತು. ಒಬ್ಬ ಏಳೆಂಟು ವರ್ಷದ ಹುಡುಗನ ಸೊಂಟ ವಾರೆಯಾಗಿತ್ತು. ಸರ್ ಅವನ ಎದುರು ಮಂಡಿಯೂರಿ ಕೂತು, "ಸೊಂಟ ಹಿಡಿದು ತಿರುಗಿಸ್ಲಾ? ಇಲ್ಲ ನೀನೇ ನೋಡಿ ಮಾಡ್ತೀಯಾ?" ಅಂತ ಕೇಳಿದರು. ಹುಡುಗ ತಲೆ ಅಲ್ಲಾಡಿಸಿದ, ಬೇಡ ಅಂತ. ಸರ್ ತಾವೇ ನಿಂತು ತೋರಿಸಿದರು, ಅವನು ಮಾಡಿದ, ಸರಿ ಬರಲಿಲ್ಲ, ಮುಂದೆ ಹೋದರು. ಇಷ್ಟೇ. ಹತ್ತು ಸೆಕೆಂಡು ಹಿಡಿದಿರಬಹುದು. ಕರಾಟೆಯಲ್ಲಿ ಮೈ ಮುಟ್ಟದೆ ಕಲಿಸೋಕೆ ಆಗಲ್ಲ, ಅದು ನನಗೂ ಗೊತ್ತು. ಕೇಳಿ ಮುಟ್ಟೋದು, ಎಲ್ಲರ ಎದುರು ಮುಟ್ಟೋದು, ಯಾಕೆ ಅಂತ ಹೇಳಿ ಮುಟ್ಟೋದು ಸಾಧ್ಯ ಅಂತ ಗೊತ್ತಿರಲಿಲ್ಲ.

ಅವರ ಹತ್ತಿರ ಕೂತು ಮಾತಾಡಿದೆ. ಪೊಲೀಸ್ ವೆರಿಫಿಕೇಷನ್ ಇದೆಯಾ ಸರ್ ಅಂತ ಕೇಳಿದಾಗ ಮುಖ ಗಂಟಾಯಿತು. ತಪ್ಪಲ್ಲ, ಹದಿನೆಂಟು ವರ್ಷದಿಂದ ಕಲಿಸುತ್ತಿರುವವರಿಗೆ ನಾಲ್ಕನೇ ದಿನ ಬಂದವನು ಹೀಗೆ ಕೇಳಿದರೆ ನನಗೂ ಉರಿಯುತ್ತಿತ್ತು. ಆದರೆ ಇದು ನನ್ನ ತಲೆಹರಟೆ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆಯ 2020ರ ನಿಯಮದಲ್ಲಿ ಬರೆದಿದ್ದಾರೆ, ಮಕ್ಕಳ ಜೊತೆ ನಿಯಮಿತವಾಗಿ ವ್ಯವಹರಿಸುವ ಸಂಸ್ಥೆಗಳು, ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಎಲ್ಲಾ, ಕಾಯಂ ಇರಲಿ ಗುತ್ತಿಗೆ ಇರಲಿ ತಮ್ಮ ಪ್ರತಿಯೊಬ್ಬ ಸಿಬ್ಬಂದಿಯದೂ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಅದೂ ಆಗಾಗ. ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಫೋನಿನಲ್ಲಿ ಅದನ್ನು ತೆಗೆದು ತೋರಿಸಿದೆ. ಸರ್ ಓದಿದರು, ಇನ್ನೊಂದು ಸಲ ಓದಿದರು, "ನನಗೆ ಯಾರೂ ಹೇಳಿರಲಿಲ್ಲ, ನಮ್ಮ ಅಸೋಸಿಯೇಷನ್ನೂ ಹೇಳಿಲ್ಲ" ಅಂದರು. ಒಂದು ತಿಂಗಳ ನಂತರ ತಮ್ಮದು, ತಮ್ಮ ಇಬ್ಬರು ಅಸಿಸ್ಟೆಂಟರದು ಮಾಡಿಸಿ ಕಾಪಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಆ ಕಾಗದದಿಂದ ಎಲ್ಲಾ ಮುಗಿಯಿತು ಅಂತಲ್ಲ. ಇಲ್ಲಿಯ ತನಕ ಸಿಕ್ಕಿಬೀಳದವನಿಗೂ ಆ ಕಾಗದ ಸಿಗುತ್ತೆ.

ನನ್ನ ತಂಗಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ, ಅವಳ ಮಗ ಟೇಕ್ವಾಂಡೋಗೆ ಹೋಗುತ್ತಾನೆ. ಅಲ್ಲಿ ಕ್ಲಬ್ಬಿಗೊಬ್ಬ ವೆಲ್‌ಫೇರ್ ಆಫೀಸರ್ ಇರುತ್ತಾರಂತೆ. ಕಲಿಸುವ ಸರ್ ಬೇರೆ, ಮಕ್ಕಳು ದೂರು ಹೇಳಿಕೊಳ್ಳುವ ವ್ಯಕ್ತಿ ಬೇರೆ, ಅವರ ಫೋಟೋ ಮತ್ತು ನಂಬರ್ ಬಾಗಿಲಲ್ಲೇ ಇರುತ್ತೆ. ಅಲ್ಲೂ ಮೊದಲಿಂದ ಇದ್ದದ್ದಲ್ಲ. 2022ರ ತನಕ ಅಲ್ಲಿಯ ಕಾನೂನಿನಲ್ಲಿ ಟೀಚರಿಗೆ ಇದ್ದ ಕಟ್ಟುಪಾಡು ಕೋಚಿಗೆ ಇರಲಿಲ್ಲ, 16-17 ವರ್ಷದ ಮಕ್ಕಳ ಜೊತೆ ಕೋಚ್ ಸಂಬಂಧ ಇಟ್ಟುಕೊಂಡರೆ ಹಿಡಿಯೋಕೆ ಆಗುತ್ತಿರಲಿಲ್ಲ. ನಮ್ಮ ಪೋಕ್ಸೋ 2012ರಿಂದಲೇ 18ರ ಕೆಳಗಿನ ಎಲ್ಲರನ್ನೂ ಮಗು ಅಂತಲೇ ನೋಡುತ್ತೆ, ನಂಬಿಕೆಯ ಜಾಗದಲ್ಲಿರುವವನು ತಪ್ಪು ಮಾಡಿದರೆ ಜಾಸ್ತಿ ಶಿಕ್ಷೆ ಅನ್ನುತ್ತೆ. ಕಾನೂನು ನಮ್ಮದೇ ಗಟ್ಟಿ. ಬಾಗಿಲಲ್ಲಿ ಫೋಟೋ ಹಚ್ಚಿದ ಆ ವ್ಯಕ್ತಿ ಮಾತ್ರ ನಮ್ಮಲ್ಲಿ ಇಲ್ಲ. ಹೊಸ ಸರ್‌ಗೆ ಇದನ್ನು ಹೇಳಿದೆ. ಈಗ ನಮ್ಮ ಕ್ಲಾಸಿನಲ್ಲಿ ಇಬ್ಬರು ತಾಯಂದಿರ ನಂಬರ್ ಇದೆ ಬೋರ್ಡಿನಲ್ಲಿ. ಅದರಲ್ಲಿ ಒಬ್ಬರು ಆ ಹೂವು ಕಟ್ಟುವ ಅಜ್ಜಿಯ ಸೊಸೆ.

ಫೋನಿನ ವಿಷಯದಲ್ಲಿ ಸರ್ ಸ್ವಲ್ಪ ಜಗ್ಗಾಡಿದರು. ದೊಡ್ಡ ಮಕ್ಕಳಿಗೆ ನೇರವಾಗಿ ವಾಟ್ಸಾಪ್ ಮಾಡೋದು ಅವರಿಗೆ ಅಭ್ಯಾಸ, ಬೆಳಗ್ಗೆ ಕ್ಲಾಸ್ ಇಲ್ಲ ಅಂತ ಹೇಳೋಕೆ. ಇವರ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೆ ಒಳ್ಳೆಯವರು ಹಾಗೆ ಮಾಡಿದರೆ ಕೆಟ್ಟವನು ಮಾಡಿದಾಗ ಯಾರಿಗೂ ವಿಚಿತ್ರ ಅನಿಸಲ್ಲ, ಅಲ್ವಾ? ಇದನ್ನು ಹೇಳಿದಾಗ ಒಪ್ಪಿದರು. ಈಗ ಎಲ್ಲಾ ಮೆಸೇಜೂ ಪೋಷಕರ ಗ್ರೂಪಿಗೆ. ಒಂಟಿ ಮಗುವನ್ನು ಕಾರಲ್ಲಿ ಡ್ರಾಪ್ ಮಾಡೋದಿಲ್ಲ, ಅಪ್ಪ ಬರೋದು ತಡವಾದರೆ ಕಾರಿಡಾರಿನಲ್ಲೇ ಕಾಯಿಸುತ್ತಾರೆ. ‘ನಿನ್ನಲ್ಲಿ ಏನೋ ಸ್ಪೆಷಲ್ ಇದೆ’ ಅಂತ ಒಂದು ಮಗುವನ್ನು ಬೇರೆ ಮಾಡಿ, ಒಬ್ಬಳಿಗೇ ಪ್ರೈವೇಟ್ ಕ್ಲಾಸು, ಒಬ್ಬಳಿಗೇ ಗಿಫ್ಟು, ಆಮೇಲೆ ಅಪ್ಪ ಅಮ್ಮನಿಗೆ ಹೇಳಬೇಡ ಅನ್ನೋ ಸಣ್ಣ ಗುಟ್ಟು, ಹೀಗೇ ಶುರುವಾಗೋದು. ನಮಗೆ ಅದು ಹೆಮ್ಮೆಯಾಗಿ ಕಾಣುತ್ತೆ, ಸರ್ ನಮ್ಮ ಮಗಳ ಮೇಲೆ ಎಷ್ಟು ಗಮನ ಕೊಡ್ತಾರೆ ನೋಡಿ ಅಂತ. ಟೂರ್ನಮೆಂಟಿಗೆ ಹೊರ ಊರಿಗೆ ಹೋದಾಗಂತೂ ಕೇಳಲೇಬೇಕು. ರಾತ್ರಿ ಎಲ್ಲಿ ಮಲಗಿಸುತ್ತಾರೆ, ಹುಡುಗಿಯರ ಜೊತೆ ಯಾವ ಹೆಂಗಸು ಇರುತ್ತಾರೆ, ಡ್ರೆಸ್ ಬದಲಾಯಿಸೋದು ಎಲ್ಲಿ. ಹೋದ ವರ್ಷ ಹಳೇ ಕ್ಲಾಸಿಂದ ಗೋವಾಕ್ಕೆ ಹೋದಾಗ ಹದಿನಾಲ್ಕು ಮಕ್ಕಳು, ಒಬ್ಬರೇ ಸರ್, ಒಂದೇ ಹಾಲ್. ನಾನು ಬಸ್ಸಿಗೆ ಹತ್ತಿಸಿ ಟಾಟಾ ಮಾಡಿ ಬಂದಿದ್ದೆ.

ಏನಾದರೂ ಗೊತ್ತಾದರೆ ಏನು ಮಾಡಬೇಕು ಅಂತ ಪೋಷಕರ ಗ್ರೂಪಿನಲ್ಲಿ ಕೇಳುತ್ತಿರುತ್ತಾರೆ, ಅದಕ್ಕೆ ಇಲ್ಲಿ ಬರೆದುಬಿಡುತ್ತೇನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದವರು, ಆಗಬಹುದು ಅಂತ ಅನಿಸಿದವರು ಕೂಡ ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೋ 19ನೇ ಕಲಮು. ತಿಳಿಸದಿದ್ದರೆ 6 ತಿಂಗಳ ತನಕ ಜೈಲು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 1 ವರ್ಷದ ತನಕ. ಹಾಗಾಗಿ "ನಮ್ಮೊಳಗೇ ಮಾತಾಡಿ ಮುಗಿಸೋಣ, ಮಗುವಿನ ಭವಿಷ್ಯ" ಅನ್ನೋದು ತಪ್ಪು ಸಲಹೆ ಮಾತ್ರ ಅಲ್ಲ, ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲ ತುರ್ತು ನಂಬರ್ 112ಕ್ಕೆ. ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಿಲ್ಲ. ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ಹೇಳಿಕೆ ತಗೋಬೇಕು, ಆದಷ್ಟು ಮಹಿಳಾ ಅಧಿಕಾರಿ, ಯೂನಿಫಾರ್ಮ್ ಹಾಕದೆ. ಹೊಡೆತ, ಹಿಂಸೆಯ ವಿಷಯವಾದರೆ 2015ರ ಬಾಲನ್ಯಾಯ ಕಾಯ್ದೆ ಇದೆ, ಮಗುವನ್ನು ನೋಡಿಕೊಳ್ಳಬೇಕಾದವನೇ ಹಿಂಸೆ ಕೊಟ್ಟರೆ 3 ವರ್ಷದ ತನಕ ಶಿಕ್ಷೆ. ಶಾಲೆಯಲ್ಲಿ ಹೊಡೆಯಬಾರದು ಅನ್ನೋದು ಎಲ್ಲರಿಗೂ ಗೊತ್ತು. ಸಂಜೆ ಅದೇ ಕಟ್ಟಡದಲ್ಲಿ ಬಿಳಿ ಡ್ರೆಸ್ ಹಾಕಿಕೊಂಡು ಬೆತ್ತ ಹಿಡಿದರೆ ಮಾತ್ರ ಅದು ಟ್ರೈನಿಂಗ್.

ಹಳೇ ಸರ್ ಮೇಲೆ ನಾನು ದೂರು ಕೊಟ್ಟೆನಾ? ಇಲ್ಲ. ಬರೆದಿಟ್ಟ ಕಾಗದ ಬೀರುವಿನಲ್ಲಿದೆ. ಮಗಳನ್ನು ಬಿಡಿಸಿದೆ, ಅಷ್ಟೇ. ಅಲ್ಲಿ ಇನ್ನೂ ಮೂವತ್ತು ಮಕ್ಕಳಿದ್ದಾರೆ. ಇದನ್ನು ಬರೆಯುವಾಗ ಅದು ಚುಚ್ಚುತ್ತಿದೆ, ಬೆಳಗ್ಗೆ ಆ ಕಾಗದ ಮತ್ತೆ ತೆಗೆದು ಓದಿದೆ.

ಹೊಸ ಕ್ಲಾಸಿಗೆ ಸೇರಿ ಏಳು ತಿಂಗಳಾಯಿತು. ಮೊದಲ ಎರಡು ತಿಂಗಳು ಮಗಳು ಏನು ಕೇಳಿದರೂ ಓಸ್ ಅನ್ನುತ್ತಿದ್ದಳು. ಸರ್ ಒಂದು ದಿನ ಬೇಕಂತಲೇ, "ಎಲ್ಲರೂ ಈಗ ಕಿಟಕಿಯಿಂದ ಹಾರಿ" ಅಂದರಂತೆ. ನಾಲ್ಕು ಮಕ್ಕಳು ಓಸ್ ಅಂದುಬಿಟ್ಟರು, ಇವಳೂ. ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅವತ್ತು ಪೂರ್ತಿ ಒಂದೇ ಆಟ. ಸರ್ ಏನೇನೋ ಹೇಳೋದು, ಮಕ್ಕಳು ಯಾವುದಕ್ಕೆ ಓಸ್, ಯಾವುದಕ್ಕೆ ಯಾಮೆ ಅಂತ ಕೂಗೋದು. ಮನೆಗೆ ಬಂದವಳು ಅಜ್ಜಿ ನಾಲ್ಕನೇ ದೋಸೆ ಹಾಕೋಕೆ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಯಾಮೆ ಅಂದಳು. ಅಮ್ಮನಿಗೆ ಅರ್ಥವಾಗಲಿಲ್ಲ, ಹಾಕಿಯೇಬಿಟ್ಟರು.

ಹೋದ ಭಾನುವಾರ ಬೆಲ್ಟ್ ಎಕ್ಸಾಂ ಇತ್ತು. ಕಾತಾ ಚೆನ್ನಾಗಿ ಮಾಡಿದಳು. ಕೊನೆಗೆ ಹಾರಿ ಒದೆಯೋದು. ಎರಡು ಸಲ ಪ್ರಯತ್ನ ಮಾಡಿದಳು, ಮೂರನೇ ಸಲ ಓಡಿ ಬಂದವಳು ಮಧ್ಯದಲ್ಲೇ ನಿಂತಳು. ತೊಡೆ ಮುಟ್ಟಿ ನೋಡಿಕೊಂಡಳು. ಕೈ ಎತ್ತಿದಳು. "ಸರ್, ಕಾಲು ಎಳೀತಿದೆ, ಸಾಕು." ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನ್ನ ಬಾಯಿಗೆ ‘ಒಂದೇ ಒಂದು ಸಲ, ಹೊಡಿಯೇ’ ಅನ್ನೋ ಮಾತು ಬಂದೇಬಿಟ್ಟಿತ್ತು, ಪಕ್ಕದಲ್ಲಿದ್ದ ಅಜ್ಜಿಯ ಹೂವಿನ ಬುಟ್ಟಿ ನೋಡುತ್ತಾ ನುಂಗಿಕೊಂಡೆ. ಸರ್ ಸರಿ ಅಂತ ತಲೆ ಆಡಿಸಿ, ಹೋಗಿ ಕೂತ್ಕೋ, ಐಸ್ ಇಟ್ಕೋ, ಇದೊಂದನ್ನು ಮುಂದಿನ ತಿಂಗಳು ನೋಡೋಣ ಅಂದರು. ಅವಳು ಬಗ್ಗಿ ನಮಸ್ಕಾರ ಮಾಡಿ ಬಂದು ಗೋಡೆಗೊರಗಿ ಕೂತಳು. ಮುಖದಲ್ಲಿ ಬೇಸರ ಇತ್ತು, ಭಯ ಇರಲಿಲ್ಲ.

ಗ್ರೀನ್ ಬೆಲ್ಟು ಇನ್ನೂ ಬಂದಿಲ್ಲ. ನಮ್ಮಮ್ಮ ಆಗಲೇ ಎಲ್ಲರಿಗೂ ಫೋನ್ ಮಾಡಿ ಬಂತು ಅಂತ ಹೇಳಿಬಿಟ್ಟಿದ್ದಾರೆ.